ಸಪ್ತಾಂಗದಲ್ಲಿ ಮಿತ್ರನಿಗೆ ಏಳನೆಯ ಸ್ಥಾನ

1769ರ ಮಾರ್ಚ್ ಕೊನೆಯಲ್ಲಿ ಹೈದರಾಲಿ ಆರು ಸಾವಿರದಷ್ಟು ಕುದುರೆ ಸವಾರರನ್ನು ಕಟ್ಟಿಕೊಂಡು ಮದರಾಸಿನ ಬಾಗಿಲಿಗೆ ಬಂದು ನಿಂತ. ದೊಡ್ಡ ಸೈನ್ಯವನ್ನೂ ಭಾರದ ತೋಪುಗಳನ್ನೂ ಹಿಂದಕ್ಕೆ ಕಳಿಸಿ, ಕುಂಪಣಿಯ ಸೇನಾಪತಿಗಳು ಅವನನ್ನು ಇನ್ನೆಲ್ಲೋ ಹುಡುಕುತ್ತಿರುವಾಗಲೇ ಸೇಂಟ್ ಥಾಮಸ್ ಬೆಟ್ಟದ ಹತ್ತಿರ ಬೀಡುಬಿಟ್ಟಿದ್ದ. ಮದರಾಸಿನ ಕೌನ್ಸಿಲು ಗಡಗಡ ನಡುಗಿ ಸಂಧಿಗೆ ಬಂತು. ಆ ಗಳಿಗೆಯಲ್ಲಿ ಹೈದರ್ ಹಣ ಕೇಳಬಹುದಿತ್ತು, ಸೀಮೆ ಕೇಳಬಹುದಿತ್ತು. ಅವನು ಪಟ್ಟು ಹಿಡಿದು ಬರೆಸಿಕೊಂಡದ್ದು ಒಂದು ಕಲಮನ್ನು: ಮೈಸೂರು ಮತ್ತು ಕುಂಪಣಿ, ಇಬ್ಬರಲ್ಲಿ ಯಾರ ಮೇಲೆ ಮೂರನೆಯವರು ಏರಿ ಬಂದರೂ ಇನ್ನೊಬ್ಬರು ನೆರವಿಗೆ ಬರತಕ್ಕದ್ದು.

ಆ ಒಪ್ಪಂದಕ್ಕೆ ಎರಡು ವರ್ಷ ತುಂಬುವ ಮೊದಲೇ ಪೇಶ್ವೆ ಮಾಧವರಾಯನ ಸೈನ್ಯ ಮೈಸೂರಿನ ಮೇಲೆ ಬಿತ್ತು. 1771ರ ಮಾರ್ಚ್‌ನಲ್ಲಿ ಚಿನಕುರಳಿಯ ಬಯಲಲ್ಲಿ ಹೈದರ್ ತನ್ನ ಜೀವಮಾನದ ದೊಡ್ಡ ಸೋಲು ಉಂಡ. ಮೇಲುಕೋಟೆ ಸೂರೆಯಾಯಿತು, ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಬಿತ್ತು. ಹೈದರ್ ಮದರಾಸಿಗೆ ಕಲಮನ್ನು ನೆನಪಿಸಿದ. ಮದರಾಸಿನಿಂದ ಒಬ್ಬ ಸಿಪಾಯಿಯೂ ಹೊರಡಲಿಲ್ಲ. ಮುಂದಿನ ಹತ್ತು ವರ್ಷ ಇಂಗ್ಲಿಷರ ಮೇಲೆ ಅವನು ಕಾರಿದ ದ್ವೇಷಕ್ಕೆ ಈ ಮಾತು ತಪ್ಪಿದ್ದೇ ಮುಖ್ಯ ಕಾರಣ.

ಸೈನಿಕ ಮೈತ್ರಿಯಿಂದ ಒಂದು ದೇಶಕ್ಕೆ ಏನು ದಕ್ಕುತ್ತದೆ, ಏನು ಕೈಬಿಡುತ್ತದೆ? ಈ ಪ್ರಶ್ನೆ ಈಗ ಮತ್ತೆ ಬಿಸಿಯಾಗಿದೆ. ಕ್ವಾಡ್ ಸೈನಿಕ ಕೂಟವಾಗಬೇಕೇ, ರಷ್ಯಾ ಇನ್ನೂ ನಮ್ಮ ಹಳೆಯ ಗೆಳೆಯನೇ, ಅಮೆರಿಕವನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬ ಚರ್ಚೆ ಟಿ.ವಿ.ಗಳಲ್ಲಿ ದಿನವೂ ನಡೆಯುತ್ತದೆ. ಆ ಚರ್ಚೆಗಳಲ್ಲಿ ಉದಾಹರಣೆಗಳು ಯುರೋಪಿನಿಂದ ಬರುತ್ತವೆ. ನಿಜ ಹೇಳಬೇಕೆಂದರೆ, ಮೈತ್ರಿಯ ಎಲ್ಲ ಬಗೆಗಳನ್ನೂ ಅವುಗಳ ಫಲವನ್ನೂ ಕನ್ನಡ ನೆಲ ನಾಲ್ಕೂವರೆ ಶತಮಾನದಲ್ಲಿ ತಾನೇ ಉಂಡು ನೋಡಿದೆ. ಆ ಲೆಕ್ಕವನ್ನು ಒಮ್ಮೆ ತೆಗೆದು ನೋಡುವುದು ಒಳ್ಳೆಯದು.

ಶಾಸ್ತ್ರದ ಮಾತು

1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು ತಾಳೆಗರಿಯ ಕಟ್ಟೊಂದರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದರು. 1909ರಲ್ಲಿ ಅದು ಅಚ್ಚಾಯಿತು. ರಾಜ್ಯಕ್ಕೆ ಏಳು ಅಂಗಗಳೆಂದು ಆ ಗ್ರಂಥ ಎಣಿಸುತ್ತದೆ: ಸ್ವಾಮಿ, ಅಮಾತ್ಯ, ಜನಪದ, ದುರ್ಗ, ಕೋಶ, ದಂಡ, ಕೊನೆಗೆ ಮಿತ್ರ. ಈ ಸಾಲು ಸುಮ್ಮನೆ ಹೇಗೋ ಜೋಡಿಸಿದ್ದಲ್ಲ. ಏಳರಲ್ಲಿ ಯಾವುದಕ್ಕೆ ಕೇಡು ಬಂದರೆ ಹೆಚ್ಚು ಭಾರ ಎಂಬ ಚರ್ಚೆಯಲ್ಲಿ, ಪಟ್ಟಿಯಲ್ಲಿ ಮೊದಲು ಬರುವುದರ ಕೇಡೇ ಹೆಚ್ಚು ಎಂಬ ನಿಲುವನ್ನು ಕೌಟಿಲ್ಯ ಒಪ್ಪುತ್ತಾನೆ. ಜನ, ಕೋಟೆ, ಬೊಕ್ಕಸ, ಸೈನ್ಯ ಎಲ್ಲ ಆದ ಮೇಲೆ ಮಿತ್ರ. ಇನ್ನೊಂದು ಕಡೆ ಅವನು ಎಚ್ಚರಿಕೆಯನ್ನೂ ಕೊಡುತ್ತಾನೆ. ತನಗಿಂತ ಬಲಶಾಲಿಯೊಡನೆ ಕೂಡಿಕೊಳ್ಳುವುದು ರಾಜರಿಗೆ ದೊಡ್ಡ ಅಪಾಯ. ಶತ್ರು ಆಗಲೇ ಮೇಲೆ ಬಿದ್ದಿದ್ದರೆ ಮಾತ್ರ ಅದಕ್ಕೆ ವಿನಾಯಿತಿ.

ಈ ಪುಸ್ತಕ ಮೈಸೂರಿನಲ್ಲಿ ಅಚ್ಚಾದ ವರ್ಷವೂ ಮೈಸೂರು ಸಂಸ್ಥಾನ ತನ್ನ ‘ರಕ್ಷಣೆ’ಗೆಂದು ಬ್ರಿಟಿಷರಿಗೆ ಕಪ್ಪ ಕಟ್ಟುತ್ತಿತ್ತು. ಆ ಸ್ಥಿತಿಗೆ ಬಂದದ್ದು ಹೇಗೆ ಎಂಬುದೇ ನಮ್ಮ ಕಥೆಯ ದೊಡ್ಡ ಭಾಗ. ಅದಕ್ಕೆ ಮುಂಚೆ ಹೈದರನ ಕಾಲದಿಂದ ಇನ್ನೂರು ವರ್ಷ ಹಿಂದಕ್ಕೆ ಹೋಗಬೇಕು.

ಗೆದ್ದ ಮೇಲೆ ಉಳಿಯದ ಕೂಟ

ವಿಜಯನಗರದ ಅಳಿಯ ರಾಮರಾಯ ಮೈತ್ರಿಗಳ ಆಟದಲ್ಲಿ ಪಳಗಿದವನು. ದಖ್ಖನಿನ ಸುಲ್ತಾನರಲ್ಲಿ ಒಮ್ಮೆ ಅಹಮದ್‌ನಗರದ ಜೊತೆ ಸೇರಿ ಬಿಜಾಪುರದ ಮೇಲೆ, ಇನ್ನೊಮ್ಮೆ ಬಿಜಾಪುರದ ಜೊತೆ ಸೇರಿ ಅಹಮದ್‌ನಗರದ ಮೇಲೆ ದಂಡೆತ್ತಿ ಹೋಗಿದ್ದ. ಗೋಲ್ಕೊಂಡದ ಇಬ್ರಾಹಿಂ ಕುತುಬ್ ಷಾ ಪಟ್ಟಕ್ಕೆ ಬರುವ ಮುಂಚೆ ಏಳು ವರ್ಷ ವಿಜಯನಗರದಲ್ಲಿ ಆಶ್ರಯ ಪಡೆದಿದ್ದವನು, ರಾಮರಾಯನ ಅನ್ನ ತಿಂದವನು. ಪ್ರತಿ ಸಲವೂ ಯಾರೋ ಒಬ್ಬ ಸುಲ್ತಾನ ತನ್ನ ಕಡೆ ಇರುತ್ತಾನೆ ಎಂಬುದರ ಮೇಲೆ ರಾಮರಾಯನ ರಾಜಕಾರಣ ನಿಂತಿತ್ತು.

ಆ ಸುಲ್ತಾನರಿಗೆಲ್ಲ ಒಬ್ಬರಿಗೆ ಇನ್ನೊಬ್ಬರ ಭಯಕ್ಕಿಂತ ರಾಮರಾಯನ ಭಯ ಹೆಚ್ಚಾದ ದಿನ ಲೆಕ್ಕ ತಿರುಗಿತು. ಅಹಮದ್‌ನಗರದ ಚಾಂದ್ ಬೀಬಿ ಬಿಜಾಪುರದ ಅಲಿ ಆದಿಲ್ ಷಾನನ್ನು ಮದುವೆಯಾದಳು. ಬೀಗತನದ ಮುದ್ರೆ ಬಿದ್ದ ಕೂಟ 1565ರ ಜನವರಿಯಲ್ಲಿ ಕೃಷ್ಣೆಯನ್ನು ದಾಟಿತು. ರಕ್ಕಸತಂಗಡಿಯಲ್ಲಿ ರಾಮರಾಯನ ತಲೆ ಉರುಳಿತು. ಆಶ್ರಯ ಉಂಡಿದ್ದ ಇಬ್ರಾಹಿಂ ಕುತುಬ್ ಷಾ ಆ ದಿನ ಎದುರು ಪಾಳೆಯದಲ್ಲಿದ್ದ.

ಗೆದ್ದವರ ಗತಿ ಏನಾಯಿತು? ಕೂಟ ಕೆಲವೇ ವರ್ಷಗಳಲ್ಲಿ ಒಡೆದು ಬಿಜಾಪುರ, ಅಹಮದ್‌ನಗರ ಮತ್ತೆ ಹಳೆಯ ಜಗಳಕ್ಕೆ ಇಳಿದವು. ಉತ್ತರದಿಂದ ಮೊಗಲರು ಬಂದಾಗ ಅವುಗಳಿಗೆ ಒಟ್ಟಾಗಿ ನಿಲ್ಲಲು ಆಗಲಿಲ್ಲ. ಅಹಮದ್‌ನಗರ 1636ಕ್ಕೆ ಅಳಿಯಿತು, ಬಿಜಾಪುರ 1686ಕ್ಕೆ, ಗೋಲ್ಕೊಂಡ ಅದರ ಮರುವರ್ಷ. ಶತ್ರು ಒಬ್ಬನಾಗಿರುವಷ್ಟು ದಿನ ಕೂಟ ಗಟ್ಟಿ. ಶತ್ರು ಸತ್ತ ದಿನದಿಂದ ಅದರ ಆಯುಸ್ಸು ಎಣಿಕೆಯದು. ಈ ಪಾಠವನ್ನು ದಖ್ಖನು ಮುಂದೆಯೂ ಕಲಿಯಲಿಲ್ಲ.

ಕಡಲಾಚೆಯ ಗೆಳೆಯ

ಮದರಾಸಿನ ಮಾತು ನಂಬಿ ಕೆಟ್ಟ ಹೈದರ್ ಫ್ರೆಂಚರ ಕಡೆ ತಿರುಗಿದ. ಇದರಲ್ಲಿ ತಪ್ಪು ಲೆಕ್ಕವೇನೂ ಇರಲಿಲ್ಲ. ಇಂಗ್ಲಿಷರು ಇಬ್ಬರಿಗೂ ಶತ್ರು. ಫ್ರೆಂಚರ ಬಳಿ ಮೈಸೂರಿಗೆ ಇಲ್ಲದ ಹಡಗುಪಡೆ ಇತ್ತು, ಮೈಸೂರಿನ ಬಳಿ ಫ್ರೆಂಚರಿಗೆ ಇಲ್ಲದ ನೆಲ ಮತ್ತು ಕುದುರೆ ಪಡೆ ಇತ್ತು. 1780ರ ಸೆಪ್ಟೆಂಬರಿನಲ್ಲಿ ಪೊಲ್ಲಿಲೂರಿನಲ್ಲಿ ಕರ್ನಲ್ ಬೈಲಿಯ ಇಡೀ ತುಕಡಿಯನ್ನು ಹೈದರ್ ಮತ್ತು ಟಿಪ್ಪು ಅಳಿಸಿಹಾಕಿದಾಗ ದಕ್ಷಿಣದಲ್ಲಿ ಕುಂಪಣಿಯ ಕಥೆ ಮುಗಿಯಿತೆಂದೇ ಹಲವರು ಎಣಿಸಿದ್ದರು.

ಮರುವರ್ಷದ ಫೆಬ್ರವರಿಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಇಂಗ್ಲಿಷ್ ಸೇನಾಪತಿ ಐರ್ ಕೂಟ್‌ನ ಸೈನ್ಯ ಕಡಲೂರಿನಲ್ಲಿತ್ತು. ಸುತ್ತಲ ಸೀಮೆಯನ್ನು ಹೈದರನ ಸವಾರರು ಸುಟ್ಟು ಬರಿದು ಮಾಡಿದ್ದರು. ಅಕ್ಕಿ ಬರುವುದಿದ್ದರೆ ಮದರಾಸಿನಿಂದ ಸಮುದ್ರದ ಮೇಲೆಯೇ ಬರಬೇಕಿತ್ತು. ಸರಿಯಾಗಿ ಅದೇ ಹೊತ್ತಿಗೆ ಡಾರ್ವ್ ಎಂಬವನ ಕೈಕೆಳಗಿನ ಫ್ರೆಂಚ್ ಹಡಗುಪಡೆ ಆ ಕರಾವಳಿಗೆ ಬಂತು. ಎದುರಿಗೆ ನಿಲ್ಲಬಲ್ಲ ಇಂಗ್ಲಿಷ್ ಹಡಗುಪಡೆ ಅಲ್ಲಿರಲಿಲ್ಲ. ಕೆಲವು ವಾರ ಸಮುದ್ರವನ್ನು ಕಟ್ಟಿಹಾಕಿದ್ದರೆ ಕೂಟ್‌ಗೆ ಶರಣಾಗದೆ ಬೇರೆ ದಾರಿ ಇರಲಿಲ್ಲ. ಹೈದರ್ ಎಷ್ಟು ಕೇಳಿಕೊಂಡರೂ ಡಾರ್ವ್ ನಿಲ್ಲಲಿಲ್ಲ, ಹಡಗುಗಳನ್ನು ತಿರುಗಿಸಿ ಮಾರಿಷಸ್ ಕಡೆ ಹೊರಟುಹೋದ. ಕೂಟ್‌ನ ಸೈನ್ಯಕ್ಕೆ ಅಕ್ಕಿ ಬಂತು. ಜುಲೈಯಲ್ಲಿ ಅದೇ ಸೈನ್ಯ ಪೋರ್ಟೊ ನೋವೊದಲ್ಲಿ ಹೈದರನನ್ನು ಸೋಲಿಸಿತು.

ಒಂದು ವರ್ಷ ತಡವಾಗಿ ಬಂದ ಫ್ರೆಂಚ್ ನೌಕಾಪತಿ ಸಫ್ರೆನ್ ಧೀರ. ಸಮುದ್ರದಲ್ಲಿ ಇಂಗ್ಲಿಷರನ್ನು ಸರಿಸಮವಾಗಿ ಎದುರಿಸಿದ, ಸೈನಿಕರನ್ನು ಇಳಿಸಿದ, 1782ರ ಜುಲೈ ಕೊನೆಯಲ್ಲಿ ಕಡಲೂರಿನ ಬಳಿ ಹೈದರನನ್ನು ಕಂಡು ಗೌರವ ಪಡೆದ. ಆದರೆ ಅದೇ ವರ್ಷದ ಮೇ ತಿಂಗಳಲ್ಲಿ, ಆವರೆಗೆ ಹೈದರನ ಜೊತೆಗಿದ್ದ ಮರಾಠರು ಸಾಲ್ಬಾಯಿಯಲ್ಲಿ ಇಂಗ್ಲಿಷರೊಡನೆ ರಾಜಿಯಾಗಿದ್ದರು, ನಿಜಾಮ ಅದಕ್ಕೂ ಮುಂಚೆಯೇ ಜಾರಿಕೊಂಡಿದ್ದ. ಡಿಸೆಂಬರಿನಲ್ಲಿ ಚಿತ್ತೂರಿನ ಹತ್ತಿರ ಪಾಳೆಯದಲ್ಲೇ ಹೈದರ್ ತೀರಿಕೊಂಡ. ಮುಂದಿನ ವರ್ಷ ಟಿಪ್ಪು ಮಂಗಳೂರಿಗೆ ಮುತ್ತಿಗೆ ಹಾಕಿ ಕುಳಿತಿದ್ದಾಗ ಯುರೋಪಿನಿಂದ ಸುದ್ದಿ ಬಂತು. ಇಂಗ್ಲೆಂಡು ಮತ್ತು ಫ್ರಾನ್ಸು ಜನವರಿಯಲ್ಲೇ ಸಂಧಿ ಮಾಡಿಕೊಂಡಿದ್ದವು. ಟಿಪ್ಪುವಿನ ಜೊತೆ ಮುತ್ತಿಗೆಯಲ್ಲಿದ್ದ ಫ್ರೆಂಚ್ ತುಕಡಿ ಕೋವಿ ಕೆಳಗಿಟ್ಟು ಪಕ್ಕಕ್ಕೆ ಸರಿಯಿತು. ಪ್ಯಾರಿಸ್‌ಗೆ ಯುದ್ಧ ಮುಗಿದಿತ್ತು, ಮೈಸೂರಿಗೆ ಮುಗಿದಿರಲಿಲ್ಲ. ಆದರೂ 1784ರ ಮಾರ್ಚ್‌ನಲ್ಲಿ ಟಿಪ್ಪು ಮಂಗಳೂರು ಒಪ್ಪಂದವನ್ನು ತಲೆತಗ್ಗಿಸದೆ ಮಾಡಿಕೊಂಡ. ಅದು ಫ್ರೆಂಚರ ಬಲದಿಂದ ಆದದ್ದಲ್ಲ. ಮೈಸೂರಿನ ಬೊಕ್ಕಸ, ಮೈಸೂರಿನ ದಂಡು ಆಗಿನ್ನೂ ಗಟ್ಟಿಯಿದ್ದವು.

ಮಿತ್ರನನ್ನು ಹುಡುಕುವ ಕೆಲಸವನ್ನು ಟಿಪ್ಪು ಮಾತ್ರ ನಿಲ್ಲಿಸಲಿಲ್ಲ. ಕಾನ್‌ಸ್ಟಾಂಟಿನೋಪಲ್‌ಗೆ ಕಳಿಸಿದ ದೂತರಲ್ಲಿ ಬಹಳ ಮಂದಿ ದಾರಿಯಲ್ಲೇ ಸತ್ತರು. ರಷ್ಯದೊಡನೆ ಯುದ್ಧದಲ್ಲಿದ್ದ ಸುಲ್ತಾನನಿಗೆ ಇಂಗ್ಲಿಷರ ಮುನಿಸು ಕಟ್ಟಿಕೊಳ್ಳುವ ಮನಸ್ಸಿರಲಿಲ್ಲ. ಫ್ರಾನ್ಸಿಗೆ ಹೋದ ಮೂವರು ದೂತರು 1788ರ ಆಗಸ್ಟ್ 10ರಂದು ವರ್ಸೈ ಅರಮನೆಯಲ್ಲಿ ಹದಿನಾರನೆಯ ಲೂಯಿಯನ್ನು ಕಂಡರು. ಪ್ಯಾರಿಸ್ ಅವರ ಪೇಟ, ಜರಿಯ ಅಂಗಿ ನೋಡಲು ಮುಗಿಬಿತ್ತು; ಹೆಸರಾಂತ ಚಿತ್ರಕಾರ್ತಿ ವಿಜೆ ಲೆಬ್ರನ್ ಅವರಲ್ಲಿ ಒಬ್ಬನಾದ ಮಹಮ್ಮದ್ ದರ್ವೇಶ್ ಖಾನನ ಆಳೆತ್ತರದ ಚಿತ್ರ ಬರೆದಳು. ಆ ದರ್ಶನವಾದ ಆರನೆಯ ದಿನ ಫ್ರೆಂಚ್ ಖಜಾನೆ ಹಣ ಪಾವತಿಯನ್ನೇ ನಿಲ್ಲಿಸಿತು. ಮರುವರ್ಷ ಕ್ರಾಂತಿ. ದೂತರ ಜೊತೆ ಶ್ರೀರಂಗಪಟ್ಟಣಕ್ಕೆ ಬಂದದ್ದು ಪಿಂಗಾಣಿ, ಗಿಡಗಳ ಬೀಜ, ಒಂದಷ್ಟು ಕುಶಲಕರ್ಮಿಗಳು. ಸೈನ್ಯ ಬರಲಿಲ್ಲ.

ಕೊನೆಯ ಅಧ್ಯಾಯ ಇನ್ನೂ ಕಹಿ. 1798ರ ಜನವರಿಯಲ್ಲಿ ಮಾರಿಷಸ್‌ನ ಫ್ರೆಂಚ್ ಗವರ್ನರ್ ಮಲಾರ್ತಿಕ್, ಟಿಪ್ಪು ಗುಟ್ಟಾಗಿ ಕೇಳಿದ್ದ ನೆರವನ್ನು ಬಹಿರಂಗ ಡಂಗುರ ಹೊಡೆಸಿಬಿಟ್ಟ. ಮಂಗಳೂರಿಗೆ ಬಂದಿಳಿದವರು ನೂರರಷ್ಟು ಸ್ವಯಂಸೇವಕರು. ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಯುದ್ಧ ಸಾರಲು ಅಷ್ಟೇ ನೆಪ ಸಾಕಾಯಿತು. ಈಜಿಪ್ಟಿನಿಂದ ನೆಪೋಲಿಯನ್ ಟಿಪ್ಪುವಿಗೆ ಬರೆದ ಕಾಗದ ಜೆಡ್ಡಾದಲ್ಲೇ ಇಂಗ್ಲಿಷರ ಕೈಗೆ ಸಿಕ್ಕಿತು. ನೆಪೋಲಿಯನ್ ದಾಳಿಯಿಂದ ಕೆರಳಿದ್ದ ತುರ್ಕಿ ಸುಲ್ತಾನ, ಫ್ರೆಂಚರ ಸಹವಾಸ ಬಿಡು ಎಂದು ಟಿಪ್ಪುವಿಗೆ ಬುದ್ಧಿವಾದ ಬರೆದ. ಹುಡುಕಿಕೊಂಡ ಇಬ್ಬರು ಮಿತ್ರರೂ ಆಗ ಪರಸ್ಪರ ಶತ್ರುಗಳು. ಬರಲಾಗದ ಮಿತ್ರನ ಹೆಸರು ಹೇಳಿಕೊಂಡರೆ ರಕ್ಷಣೆ ಸಿಗದು, ಶತ್ರುವಿಗೆ ನೆಪ ಮಾತ್ರ ಸಿಗುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಮೂವರ ಕೂಟ, ಒಬ್ಬನ ಲಾಭ

ಎದುರು ಪಕ್ಷದ ಮೈತ್ರಿ ಮಾತ್ರ ಫಲ ಕೊಟ್ಟಿತು. 1790ರಲ್ಲಿ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಪೇಶ್ವೆಯೊಡನೆಯೂ ನಿಜಾಮನೊಡನೆಯೂ ಒಪ್ಪಂದ ಮಾಡಿಕೊಂಡ. ಮೂರನೆಯ ಮೈಸೂರು ಯುದ್ಧವನ್ನು ಈ ಕೂಟವೇ ಗೆದ್ದಿತೆಂದರೆ ತಪ್ಪಿಲ್ಲ.

1791ರ ಮಾರ್ಚ್‌ನಲ್ಲಿ ಕಾರ್ನ್‌ವಾಲಿಸ್ ಬೆಂಗಳೂರು ಕೋಟೆ ಹಿಡಿದು ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಹತ್ತಿರದ ಅರಕೆರೆವರೆಗೆ ಬಂದು, ಕದನ ಗೆದ್ದೂ ಸೋತವನಂತೆ ಹಿಂದಿರುಗಬೇಕಾಯಿತು. ಮಳೆ ಹಿಡಿದಿತ್ತು, ಎತ್ತುಗಳು ದಿನಕ್ಕೆ ನೂರಾರು ಸಾಯುತ್ತಿದ್ದವು, ಸಿಪಾಯಿಗಳಿಗೆ ಅಕ್ಕಿ ಇರಲಿಲ್ಲ. ಕೋಟೆ ಒಡೆಯಲು ತಂದ ದೊಡ್ಡ ತೋಪುಗಳನ್ನು ತಾನೇ ಸಿಡಿಸಿ ಹಾಳು ಮಾಡಿ ನಡೆದ. ಮೇಲುಕೋಟೆಯ ದಾರಿಯಲ್ಲಿ ಎದುರಿನಿಂದ ಸವಾರರ ದಂಡು ಕಂಡಾಗ ಟಿಪ್ಪುವಿನ ಕುದುರೆಗಳೆಂದು ಇಂಗ್ಲಿಷರು ಕೋವಿ ಎತ್ತಿದರು. ಬಂದವರು ಹರಿಪಂತ ಮತ್ತು ಪರಶುರಾಮ ಭಾವೂನ ಮರಾಠರು. ಅವರ ಬೀಡಿನ ಹಿಂದೆ ಒಂದು ಪೇಟೆಯೇ ನಡೆದು ಬಂದಿತ್ತು. ಧಾನ್ಯ, ಎತ್ತು, ಕಾಶ್ಮೀರದ ಶಾಲು, ಇಂಗ್ಲೆಂಡಿನ ಚಾಕು ಎಲ್ಲವೂ ಮಾರಾಟಕ್ಕಿದ್ದವು. ಬೆಲೆ ಕಿವಿಗೆ ಕೇಳಲಾಗದಷ್ಟು. ಆದರೂ ಕಾರ್ನ್‌ವಾಲಿಸ್‌ನ ಸೈನ್ಯ ಉಳಿದದ್ದು ಆ ಪೇಟೆಯಿಂದ. ಮೈತ್ರಿ ಬೆಲೆ ಬಾಳುವುದು ಹೀಗೆ: ಬೇಕಾದ ದಿನ, ಬೇಕಾದ ಜಾಗಕ್ಕೆ, ಅಕ್ಕಿಯೊಡನೆ ಬಂದಾಗ.

ಅದೇ ಮೈತ್ರಿಯ ಸೈನ್ಯದ ಒಂದು ಭಾಗ, ಜೊತೆಗೆ ಬಂದ ಪಿಂಡಾರಿಗಳು, ಶೃಂಗೇರಿ ಮಠವನ್ನು ಸೂರೆ ಮಾಡಿದ್ದನ್ನೂ ಮರೆಯಬಾರದು. ಈ ಸೂರೆಯ ಬಗ್ಗೆ ಮಠಕ್ಕೆ ಟಿಪ್ಪು ಬರೆಸಿದ ಕನ್ನಡ ಕಾಗದಗಳು 1916ರಲ್ಲಿ ಆರ್. ನರಸಿಂಹಾಚಾರ್ ಅವರ ಕಣ್ಣಿಗೆ ಬಿದ್ದವು. ದಂಡು ಮಿತ್ರನದಾಗಲಿ ಶತ್ರುವಿನದಾಗಲಿ, ಹಾದುಹೋಗುವ ಸೀಮೆಯ ಜನರಿಗೆ ಒಂದೇ.

1792ರ ಮಾರ್ಚ್‌ನ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಯನ್ನೂ ಕೊಟ್ಟು ಇಬ್ಬರು ಮಕ್ಕಳನ್ನು ಒತ್ತೆಯಿಟ್ಟ. ಮೂವರು ಮಿತ್ರರು ಸೀಮೆ ಹಂಚಿಕೊಂಡರು. ಹಂಚಿಕೊಂಡ ಮೂರನೆಯ ವರ್ಷಕ್ಕೆ ಮರಾಠರು ಖರ್ಡಾದಲ್ಲಿ ನಿಜಾಮನನ್ನು ಬಡಿದರು. ಇಂಗ್ಲಿಷರು ನೋಡುತ್ತ ಕುಳಿತರು. ಹೆದರಿದ ನಿಜಾಮ 1798ರಲ್ಲಿ ಕುಂಪಣಿಯ ಸೈನ್ಯವನ್ನು ತನ್ನ ಖರ್ಚಿನಲ್ಲಿ ಹೈದರಾಬಾದಿನಲ್ಲಿ ಇರಿಸಿಕೊಳ್ಳಲು ಒಪ್ಪಿದ. ಆ ಸೈನ್ಯದ ಖರ್ಚಿಗೆಂದು 1800ರಲ್ಲಿ, ಮೈಸೂರಿನಿಂದ ತನ್ನ ಪಾಲಿಗೆ ಬಂದ ಸೀಮೆಯನ್ನೆಲ್ಲ ಕುಂಪಣಿಗೆ ಬಿಟ್ಟುಕೊಟ್ಟ. ನಮ್ಮ ಬಳ್ಳಾರಿ ಮದರಾಸು ಪ್ರಾಂತ್ಯಕ್ಕೆ ಸೇರಿದ್ದು ಹೀಗೆ. ಮೈತ್ರಿಯಿಂದ ಗಳಿಸಿದ್ದನ್ನು ಮೈತ್ರಿಯೇ ವಸೂಲು ಮಾಡಿಕೊಂಡಿತು. ಪೇಶ್ವೆ 1802ರ ಕೊನೆಯ ದಿನ ಬಸೀನಿನಲ್ಲಿ ಅದೇ ಬಗೆಯ ಕಾಗದಕ್ಕೆ ಸಹಿ ಹಾಕಿದ. 1818ಕ್ಕೆ ಪೇಶ್ವೆಗಿರಿಯೇ ಮುಗಿಯಿತು. ಇಂಗ್ಲಿಷರಿಗೆ ಮಲಬಾರ್ ಕಡೆಯಿಂದ ದಾರಿ ಬಿಟ್ಟುಕೊಟ್ಟು ನೆರವಾದ ಕೊಡಗಿನ ದೊಡ್ಡವೀರರಾಜೇಂದ್ರನ ರಾಜ್ಯ 1834ರಲ್ಲಿ ಕುಂಪಣಿಯ ಪಾಲಾಯಿತು.

ರಕ್ಷಣೆಯ ಬಾಡಿಗೆ

1799ರಲ್ಲಿ ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಪಟ್ಟಕ್ಕೆ ಕೂರಿಸಿ ಕುಂಪಣಿ ಮಾಡಿಕೊಂಡ ಒಪ್ಪಂದವನ್ನೂ ಮೈತ್ರಿ ಎಂದೇ ಕರೆದರು. ಮೈಸೂರಿನ ರಕ್ಷಣೆ ಕುಂಪಣಿಯ ಹೊಣೆ. ಮೈಸೂರು ವರ್ಷಕ್ಕೆ 7 ಲಕ್ಷ ವರಾಹ ಕಟ್ಟಬೇಕು. ಹಣ ಸರಿಯಾಗಿ ಬಾರದೆಂಬ ಅನುಮಾನ ಬಂದರೆ ಆಡಳಿತವನ್ನು ಕುಂಪಣಿ ವಹಿಸಿಕೊಳ್ಳಬಹುದು ಎಂಬ ಕಲಮು ಅದರಲ್ಲಿತ್ತು. ನಗರ ಸೀಮೆಯ ರೈತರ ದಂಗೆಯ ನಂತರ 1831ರಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಆಡಳಿತವನ್ನು ಕಿತ್ತುಕೊಂಡ. ಅರಸರಿಗೆ ಅದು ಮರಳಿ ಬಂದದ್ದು ಐವತ್ತು ವರ್ಷದ ಮೇಲೆ, 1881ರಲ್ಲಿ.

ಈ ಏರ್ಪಾಟಿನಿಂದ ಲಾಭವೇ ಆಗಲಿಲ್ಲವೇ? ಆಯಿತು. ಮೂವತ್ತು ವರ್ಷ ನಾಲ್ಕು ಯುದ್ಧ ಕಂಡ ಸೀಮೆಗೆ ಶಾಂತಿ ಬಂತು; ದಂಡಿನ ಗೊಡವೆ ಇಲ್ಲದ ಸಂಸ್ಥಾನ ಪೂರ್ಣಯ್ಯನವರ ಕಾಲದಲ್ಲಿ ಕೆರೆ, ಕಾಲುವೆ, ರಸ್ತೆಗಳನ್ನು ದುರಸ್ತಿ ಮಾಡಿಕೊಂಡಿತು. ಹಾಗೆಂದು ಯುದ್ಧವೇ ತಪ್ಪಿತೆನ್ನಲಾಗದು. 1918ರ ಸೆಪ್ಟೆಂಬರ್ 23ರಂದು ಮೈಸೂರು ಲ್ಯಾನ್ಸರ್ಸ್ ಸವಾರರು ಜೋಧಪುರದವರ ಜೊತೆ ಈಟಿ ಹಿಡಿದು ಹೈಫಾ ಊರಿಗೆ ನುಗ್ಗಿ, ತೋಪುಗಳಿದ್ದ ಕಾರ್ಮೆಲ್ ಬೆಟ್ಟವನ್ನು ಹಿಡಿದರು. ಆ ಶೌರ್ಯವನ್ನು ಇವತ್ತೂ ನೆನೆಯುತ್ತೇವೆ, ನೆನೆಯಬೇಕು. ತುರ್ಕಿಯೊಡನೆ ಮೈಸೂರಿಗೆ ಯಾವ ಜಗಳವಿತ್ತು ಎಂದು ಆ ಸವಾರರನ್ನಾಗಲಿ ಅವರ ಹಳ್ಳಿಗಳನ್ನಾಗಲಿ ಯಾರೂ ಕೇಳಿರಲಿಲ್ಲ ಎಂಬುದೂ ಅಷ್ಟೇ ನಿಜ. ದಂಡನ್ನು ಇನ್ನೊಬ್ಬರ ಕೈಗೆ ಕೊಟ್ಟವರು ಯುದ್ಧ ಯಾವುದೆಂದು ಆರಿಸುವ ಹಕ್ಕನ್ನೂ ಕೊಟ್ಟಿರುತ್ತಾರೆ.

ಕೂಟದ ಹೊರಗೆ

ಸ್ವಾತಂತ್ರ್ಯದ ಹೊಸ್ತಿಲಲ್ಲಿ, 1946ರ ಸೆಪ್ಟೆಂಬರಿನ ರೇಡಿಯೊ ಭಾಷಣದಲ್ಲಿ, ಬಣಗಳ ಬಲಾಬಲದ ರಾಜಕಾರಣದಿಂದ ದೂರ ನಿಲ್ಲುತ್ತೇವೆ ಎಂದು ನೆಹರೂ ಹೇಳಿದಾಗ ಈ ಎಲ್ಲ ಅನುಭವ ಅದರ ಬೆನ್ನ ಹಿಂದಿತ್ತು. ಅಲಿಪ್ತತೆಗೆ ಬೇಗನೇ ಒಂದು ಉಪಯೋಗವೂ ಕಂಡಿತು. ಕೊರಿಯ ಯುದ್ಧದ ಕೈದಿಗಳಲ್ಲಿ ಊರಿಗೆ ಮರಳಲು ಒಲ್ಲದವರನ್ನು ಏನು ಮಾಡಬೇಕೆಂಬ ಕಗ್ಗಂಟನ್ನು ಬಿಡಿಸಲು ಎರಡು ಬಣಕ್ಕೂ ಒಪ್ಪಿಗೆಯಾಗುವ ಒಬ್ಬ ಸೇನಾನಿ ಬೇಕಿತ್ತು. 1953ರಲ್ಲಿ ಆ ಆಯೋಗದ ಅಧ್ಯಕ್ಷರಾಗಿ ಹೋದವರು ಕೊಡಗಿನ ಜನರಲ್ ತಿಮ್ಮಯ್ಯ.

ಪಾಕಿಸ್ತಾನ ಬೇರೆ ದಾರಿ ಹಿಡಿಯಿತು. 1954ರಲ್ಲಿ ಅಮೆರಿಕದೊಡನೆ ಸೈನಿಕ ನೆರವಿನ ಒಪ್ಪಂದ, ಅದೇ ವರ್ಷ ಸೀಟೊ, ಮರುವರ್ಷ ಮುಂದೆ ಸೆಂಟೊ ಎನಿಸಿದ ಬಾಗ್ದಾದ್ ಕೂಟ. ಟ್ಯಾಂಕು, ಜೆಟ್ ವಿಮಾನಗಳು ಧಾರಾಳವಾಗಿ ಬಂದವು. ಆದರೆ ಸೀಟೊ ಒಪ್ಪಂದಕ್ಕೆ ಸಹಿ ಹಾಕುವಾಗ ಅಮೆರಿಕ ಒಂದು ಸಾಲು ಸೇರಿಸಿತ್ತು: ತನ್ನ ಬಾಧ್ಯತೆ ಕಮ್ಯುನಿಸ್ಟ್ ಆಕ್ರಮಣಕ್ಕೆ ಮಾತ್ರ. ಭಾರತ ಆ ಸಾಲಿನೊಳಗೆ ಬರುತ್ತಿರಲಿಲ್ಲ. 1965ರ ಯುದ್ಧ ಶುರುವಾದೊಡನೆ ಅಮೆರಿಕ ಎರಡೂ ದೇಶಗಳಿಗೆ ಶಸ್ತ್ರ ನಿಲ್ಲಿಸಿತು. ಹೆಚ್ಚು ಪೆಟ್ಟು ತಿಂದದ್ದು ಅಮೆರಿಕದ ಶಸ್ತ್ರವನ್ನೇ ನೆಚ್ಚಿದ ಪಾಕಿಸ್ತಾನ. 1971ರಲ್ಲಿ ದೇಶವೇ ಎರಡಾಗುವಾಗಲೂ ಸೀಟೊ ಕದಲಲಿಲ್ಲ.

ಇದನ್ನು ಕಂಡು ನಾವು ಬೀಗುವಂತಿಲ್ಲ. 1962ರ ಚೀನಾ ಯುದ್ಧದಲ್ಲಿ ನಮ್ಮದೂ ಬೆತ್ತಲೆ ಸ್ಥಿತಿ. ಅಲಿಪ್ತತೆಯ ಮಾತಿಗೆ ತಕ್ಕ ದುರ್ಗವೂ ದಂಡವೂ ಹಿಮಾಲಯದಲ್ಲಿ ಇರಲಿಲ್ಲ. ನವೆಂಬರ್ 19ರಂದು ನೆಹರೂ ಕೆನಡಿಗೆ ಬರೆದ ಕಾಗದಗಳಲ್ಲಿ ಯುದ್ಧ ವಿಮಾನಗಳ ದಳಗಳನ್ನೂ ಅವನ್ನು ನಡೆಸುವ ಅಮೆರಿಕನ್ ಸಿಬ್ಬಂದಿಯನ್ನೂ ಕೇಳಿದರು. ಎರಡು ದಿನದಲ್ಲಿ ಚೀನಾ ತಾನಾಗಿಯೇ ಕದನ ನಿಲ್ಲಿಸಿದ್ದರಿಂದ ಆ ಬೇಡಿಕೆಯ ಪರೀಕ್ಷೆ ಆಗಲಿಲ್ಲ. ಮಿತ್ರ ಬೇಡ ಎನ್ನುವವನಿಗೆ ಮಿತ್ರ ಬೇಕು ಎನ್ನುವವನಿಗಿಂತ ಹೆಚ್ಚು ದಂಡು ಬೇಕು. 1962ರ ಸೋಲು ನೀತಿಯದಲ್ಲ, ಸಿದ್ಧತೆಯದು.

1971ರ ಕಲಮು

ಆ ಪಾಠ ಕಲಿತದ್ದಕ್ಕೆ ಸಾಕ್ಷಿ ಒಂಬತ್ತು ವರ್ಷದ ನಂತರ ಸಿಕ್ಕಿತು. ಪೂರ್ವ ಬಂಗಾಳದಿಂದ ಕೋಟಿಯ ಹತ್ತಿರ ನಿರಾಶ್ರಿತರು ಬಂದಿದ್ದರು. 1971ರ ಜುಲೈಯಲ್ಲಿ ಅಮೆರಿಕದ ಕಿಸಿಂಜರ್ ಪಾಕಿಸ್ತಾನದ ಮೂಲಕ ಗುಟ್ಟಾಗಿ ಬೀಜಿಂಗ್‌ಗೆ ಹೋಗಿ ಬಂದ. ಅಮೆರಿಕ, ಚೀನಾ, ಪಾಕಿಸ್ತಾನ ಮೂರೂ ಒಂದು ಕಡೆ ಆಗಬಹುದೆಂಬ ಆತಂಕದಲ್ಲಿ ಆಗಸ್ಟ್ 9ರಂದು ದೆಹಲಿಯಲ್ಲಿ ಸ್ವರಣ್ ಸಿಂಗ್ ಮತ್ತು ಸೋವಿಯತ್ ಒಕ್ಕೂಟದ ಗ್ರೊಮಿಕೊ ಇಪ್ಪತ್ತು ವರ್ಷದ ಒಪ್ಪಂದಕ್ಕೆ ಸಹಿ ಹಾಕಿದರು.

ಅದರ ಒಂಬತ್ತನೆಯ ಕಲಮನ್ನು ಹೈದರನ 1769ರ ಕಲಮಿನ ಪಕ್ಕದಲ್ಲಿಟ್ಟು ನೋಡಬೇಕು. ನೆರವಿಗೆ ಬರುತ್ತೇವೆ ಎಂದು ಅದರಲ್ಲಿ ಬರೆದಿಲ್ಲ. ಇಬ್ಬರಲ್ಲಿ ಒಬ್ಬರ ಮೇಲೆ ದಾಳಿಯಾದರೆ ಅಥವಾ ದಾಳಿಯ ಭಯ ಬಂದರೆ ಕೂಡಲೇ ಸಮಾಲೋಚನೆ ಮಾಡಿ ತಕ್ಕ ಕ್ರಮ ಕೈಗೊಳ್ಳುವುದು ಎಂದಷ್ಟೇ ಇದೆ. ಇನ್ನೊಂದು ಕಲಮಿನಲ್ಲಿ ಸೋವಿಯತ್ ಒಕ್ಕೂಟ ಭಾರತದ ಅಲಿಪ್ತ ನೀತಿಯನ್ನು ಗೌರವಿಸುತ್ತದೆ ಎಂದೂ ಬರೆಸಲಾಯಿತು. ಕಾಗದದ ಮೇಲೆ ಹೈದರನ ಒಪ್ಪಂದ ಇದಕ್ಕಿಂತ ಎಷ್ಟೋ ಗಟ್ಟಿ. ಫಲ ಮಾತ್ರ ತಲೆಕೆಳಗು. ಡಿಸೆಂಬರ್ ಯುದ್ಧದಲ್ಲಿ ಭದ್ರತಾ ಮಂಡಳಿಯ ಕದನವಿರಾಮದ ನಿರ್ಣಯಗಳಿಗೆ ಮಾಸ್ಕೊ ಮೂರು ಬಾರಿ ವೀಟೊ ಹಾಕಿತು. ಅಮೆರಿಕದ ಎಂಟರ್‌ಪ್ರೈಸ್ ಹಡಗು ಬಂಗಾಳ ಕೊಲ್ಲಿಗೆ ಬಂದಾಗ ಸೋವಿಯತ್ ಹಡಗುಗಳು ಬೆನ್ನು ಹತ್ತಿದವು. ಚೀನಾ ಕದಲಲಿಲ್ಲ. ಡಿಸೆಂಬರ್ 16ರಂದು ಢಾಕಾದಲ್ಲಿ ಶರಣಾಗತಿ, ಸುಮಾರು 93,000 ಕೈದಿಗಳು.

ಢಾಕಾ ಗೆದ್ದದ್ದು ಮಾಣೆಕ್‌ಷಾ ಅವರ ಸೈನ್ಯ. ಏಪ್ರಿಲ್‌ನಲ್ಲೇ ನುಗ್ಗಿ ಎಂಬ ಒತ್ತಡ ಬಂದಾಗ ಮಳೆಗಾಲ ಕಳೆದು ಹಿಮಾಲಯದ ಕಣಿವೆಗಳು ಮುಚ್ಚುವವರೆಗೆ ಕಾಯಬೇಕೆಂದು ಹಟ ಹಿಡಿದು ಅವರು ಸಿದ್ಧತೆ ಮಾಡಿಕೊಂಡಿದ್ದರು. ಮಿತ್ರ ಮಾಡಿದ್ದು ಬೇರೆಯವರು ನಡುವೆ ಬಾರದಂತೆ ಎರಡು ವಾರ ಬಾಗಿಲು ಕಾದದ್ದು. ಮೈತ್ರಿಯಿಂದ ಕೇಳಬಹುದಾದದ್ದು ಇಷ್ಟೇ. ಸರಿಯಾದ ಹೊತ್ತಿಗೆ ಸಿಕ್ಕರೆ ಇಷ್ಟು ಧಾರಾಳವಾಗಿ ಸಾಕು.

ಇದಕ್ಕೂ ಬೆಲೆ ತೆತ್ತೆವು. ಸೋವಿಯತ್ ಸೈನ್ಯ ಅಫ್ಘಾನಿಸ್ತಾನಕ್ಕೆ ನುಗ್ಗಿದ್ದನ್ನು 1980ರ ಜನವರಿಯಲ್ಲಿ ವಿಶ್ವಸಂಸ್ಥೆಯಲ್ಲಿ ಖಂಡಿಸಲು ನಮ್ಮ ನಾಲಿಗೆ ಏಳಲಿಲ್ಲ. ಅಲಿಪ್ತ ದೇಶಗಳಲ್ಲಿ ಬಹುಪಾಲು ಖಂಡಿಸಿದವು. 1991ರ ಆಗಸ್ಟಿನಲ್ಲಿ ಒಪ್ಪಂದವನ್ನು ಮತ್ತೆ ಇಪ್ಪತ್ತು ವರ್ಷಕ್ಕೆ ನವೀಕರಿಸಿದೆವು. ಡಿಸೆಂಬರಿಗೆ ಸೋವಿಯತ್ ಒಕ್ಕೂಟವೇ ಇರಲಿಲ್ಲ.

ಬಿಡಿಭಾಗದ ಬಂಧನ

ಈಗಿನ ಮೈತ್ರಿಗಳು ಕೋಟೆಯೊಳಗೆ ಸಿಪಾಯಿಗಳನ್ನು ಇರಿಸುವುದಿಲ್ಲ. ಎಂಜಿನ್ನು, ಸಾಫ್ಟ್‌ವೇರು, ಬಿಡಿಭಾಗಗಳನ್ನು ಇರಿಸುತ್ತವೆ. ಇದನ್ನು ಬೆಂಗಳೂರಿಗಿಂತ ಚೆನ್ನಾಗಿ ಬಲ್ಲ ಊರು ದೇಶದಲ್ಲಿಲ್ಲ. 1993ರಲ್ಲಿ ಅಮೆರಿಕದ ಒತ್ತಡಕ್ಕೆ ಮಣಿದು ರಷ್ಯಾ ಇಸ್ರೊಗೆ ಕ್ರಯೋಜೆನಿಕ್ ತಂತ್ರಜ್ಞಾನ ಕೊಡುವ ಮಾತಿನಿಂದ ಹಿಂದೆ ಸರಿದು, ಬರೀ ಎಂಜಿನ್ನುಗಳನ್ನು ಮಾರಿತು. ಸ್ವಂತ ಕ್ರಯೋಜೆನಿಕ್ ಎಂಜಿನ್ನಿನ ಜಿಎಸ್‌ಎಲ್‌ವಿ ಯಶಸ್ವಿಯಾಗಿ ಹಾರಿದ್ದು 2014ರ ಜನವರಿ 5ರಂದು, ಇಪ್ಪತ್ತು ವರ್ಷದ ಮೇಲೆ. 1998ರ ಪೋಖರಣ್ ಪರೀಕ್ಷೆಯ ನಂತರ ಮುಂದೆ ತೇಜಸ್ ಎನಿಸಿದ ಲಘು ಯುದ್ಧ ವಿಮಾನಕ್ಕೆ ಅಮೆರಿಕದ ಸಹಕಾರ ನಿಂತಿತು. ನಮ್ಮ ಎಂಜಿನಿಯರುಗಳು ಹಾರಾಟ ನಿಯಂತ್ರಣದ ಕೆಲಸವನ್ನು ತಾವೇ ಮುಗಿಸಿ 2001ರ ಜನವರಿಯಲ್ಲಿ ವಿಮಾನವನ್ನು ಬೆಂಗಳೂರಿನ ಆಕಾಶಕ್ಕೆ ಏರಿಸಿದರು. ಆದರೂ ತೇಜಸ್‌ನ ಹೊಟ್ಟೆಯಲ್ಲಿರುವುದು ಇವತ್ತಿಗೂ ಅಮೆರಿಕದ ಎಂಜಿನ್ನು. 2021ರಲ್ಲಿ ಎಚ್‌ಎಎಲ್ ಆರ್ಡರು ಕೊಟ್ಟ 99 ಎಂಜಿನ್ನುಗಳಲ್ಲಿ ಮೊದಲನೆಯದು ಬಂದದ್ದು 2025ರ ಮಾರ್ಚ್‌ನಲ್ಲಿ. ಶತ್ರುತ್ವವಿಲ್ಲ, ನಿರ್ಬಂಧವಿಲ್ಲ, ಬರೀ ತಡ. ಡಾರ್ವ್‌ನ ಹಡಗುಗಳ ಕಾಲದಿಂದ ತಡಕ್ಕೆ ತೆರುವ ಬೆಲೆ ಬದಲಾಗಿಲ್ಲ.

ಹಾಗಾದರೆ ಮೈತ್ರಿಯೇ ಬೇಡವೇ?

ಬೇಡವೆಂದರೆ ಚರಿತ್ರೆಗೆ ಅನ್ಯಾಯ. 1949ರಲ್ಲಿ ಹುಟ್ಟಿದ ನೇಟೊ ಒಳಗಿನ ಯುರೋಪಿನ ನೆಲದ ಮೇಲೆ ಸೋವಿಯತ್ ಒಕ್ಕೂಟವಾಗಲಿ ರಷ್ಯವಾಗಲಿ ದಂಡೆತ್ತಿ ಬರಲಿಲ್ಲ. 1994ರಲ್ಲಿ ಬುಡಾಪೆಸ್ಟ್‌ನಲ್ಲಿ ಬರೀ ಭರವಸೆಯ ಕಾಗದ ಪಡೆದು ಅಣ್ವಸ್ತ್ರ ಬಿಟ್ಟುಕೊಟ್ಟ ಉಕ್ರೇನಿನ ಗತಿ ಎಲ್ಲರೂ ನೋಡಿದ್ದೇ. ಅದನ್ನು ಕಂಡು ಫಿನ್ಲೆಂಡು 2023ರಲ್ಲಿ ನೇಟೊ ಸೇರಿತು. ಗಮನಿಸಬೇಕಾದ್ದು ಎರಡು. ನೇಟೊಗೆ ಶಾಂತಿಕಾಲದಲ್ಲೇ ಒಂದೇ ಸೇನಾ ದಳಪತಿತ್ವ, ಕೂಡಿ ಅಭ್ಯಾಸ, ನೆಲದ ಮೇಲೆ ಇರುವ ಪಡೆಗಳಿವೆ. ಕಷ್ಟ ಬಂದ ಮೇಲೆ ಹಡಗು ಹೊರಡಬೇಕಿಲ್ಲ. ಅಷ್ಟಾದರೂ ಅದರ ಹೆಸರಾಂತ ಐದನೆಯ ಕಲಮು ಪ್ರತಿ ದೇಶಕ್ಕೂ ತನಗೆ ಅಗತ್ಯವೆನಿಸಿದ ಕ್ರಮ ಕೈಗೊಳ್ಳುವ ಸಡಿಲ ಬಿಟ್ಟಿದೆ. ಇನ್ನು ಫಿನ್ಲೆಂಡು ಸೇರಿದ್ದು ಕಡ್ಡಾಯ ಸೈನಿಕ ಸೇವೆಯ ಸ್ವಂತ ದಂಡನ್ನು ದಶಕಗಳ ಕಾಲ ಕಾಪಾಡಿಕೊಂಡ ಮೇಲೆ. ಆರು ಅಂಗ ಗಟ್ಟಿ ಮಾಡಿಕೊಂಡು ಏಳನೆಯದನ್ನು ಸೇರಿಸಿಕೊಂಡ ರಾಜ್ಯ ಅದು.

ಭಾರತದ ಸದ್ಯದ ನಡೆಯನ್ನೂ ಈ ಅಳತೆಗೋಲಿನಿಂದಲೇ ಅಳೆಯಬೇಕು. ಅಮೆರಿಕದೊಡನೆ 2016, 2018, 2020ರಲ್ಲಿ ಮಾಡಿಕೊಂಡ ಮೂರು ಒಪ್ಪಂದಗಳು ಬಂದರು ಮತ್ತು ಇಂಧನದ ಬಳಕೆ, ಗುಪ್ತ ಸಂಪರ್ಕ, ನಕ್ಷೆ ಮತ್ತು ಉಪಗ್ರಹ ಮಾಹಿತಿಗೆ ಸಂಬಂಧಿಸಿದವು. ಅವು ಯಾರಿಗಾಗಿಯೂ ಯುದ್ಧಕ್ಕಿಳಿಯುವ ಬಾಧ್ಯತೆ ಹೊರಿಸುವುದಿಲ್ಲ. 2020ರ ಜೂನ್ 15ರಂದು ಗಾಲ್ವಾನಿನಲ್ಲಿ ನಮ್ಮ 20 ಯೋಧರು ಮಡಿದಾಗ ಯಾವ ದೇಶದ ಪಡೆಯೂ ಲಡಾಖಿಗೆ ಬರಲಿಲ್ಲ, ಬರಬೇಕೆಂದು ನಾವು ಕೇಳಲೂ ಇಲ್ಲ. ಚಳಿಗಾಲದ ಉಡುಪು ಅಮೆರಿಕದಿಂದ ಬಂತು. ರಕ್ಷಣಾ ಸಚಿವರು ಅದೇ ತಿಂಗಳು ಮಾಸ್ಕೊಗೆ ಹೋಗಿ ಬಂದರು. ಕಣಿವೆಯಲ್ಲಿ ನಿಂತವರು ನಮ್ಮವರೇ. ಈ ವಿಷಯದಲ್ಲಿ ದೆಹಲಿಯ ಎಚ್ಚರಿಕೆ ಸರಿಯಾದದ್ದು ಎಂಬುದೇ ಈ ಲೇಖಕನ ತೀರ್ಮಾನ: ಒಬ್ಬನ ಹೆಗಲಿಗೆ ಪೂರ್ತಿ ಒರಗದೆ, ಒಬ್ಬನನ್ನೂ ಪೂರ್ತಿ ದೂರ ಮಾಡದೆ ಇರುವುದು. ಸರಿಯಿಲ್ಲದ್ದು ಇನ್ನೊಂದು. ಎಂಜಿನ್ನು, ಚಿಪ್ಪು, ಮದ್ದುಗುಂಡಿನ ವಿಷಯದಲ್ಲಿ ನಮ್ಮ ದುರ್ಗ ಮತ್ತು ಕೋಶ ಇನ್ನೂ ಆ ಸ್ವಾತಂತ್ರ್ಯಕ್ಕೆ ತಕ್ಕಷ್ಟು ಬೆಳೆದಿಲ್ಲ.

ನಮ್ಮ ವ್ಯವಸ್ಥೆಯಲ್ಲಿ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸಹಿ ಹಾಕಲು ಸರ್ಕಾರಕ್ಕೆ ಸಂಸತ್ತಿನ ಒಪ್ಪಿಗೆ ಬೇಕಿಲ್ಲ. ಹಾಗಾಗಿ ರಕ್ಷಣಾ ಒಪ್ಪಂದಗಳ ಕಲಮುಗಳು ಸದನದಲ್ಲಿ ಸಾಲು ಸಾಲಾಗಿ ಚರ್ಚೆಯಾಗುವುದೇ ಅಪರೂಪ. ಅದನ್ನು ಬದಲಾಯಿಸಬೇಕು. ಅಷ್ಟರವರೆಗೆ ಓದುಗರಾದರೂ ಒಂದು ಕೆಲಸ ಮಾಡಬಹುದು. ಮುಂದಿನ ಸಲ ನಾಯಕರಿಬ್ಬರು ಕೈಕುಲುಕುವ ಚಿತ್ರ ಪತ್ರಿಕೆಯಲ್ಲಿ ಬಂದಾಗ ಚಿತ್ರ ಬಿಟ್ಟು ಕಲಮು ಓದಿ, ಮೂರು ಪ್ರಶ್ನೆ ಕೇಳಿ: ಅವರು ಬರಲೇಬೇಕೆಂದು ಎಲ್ಲಿ ಬರೆದಿದೆ, ಬರಲು ಎಷ್ಟು ದಿನ ಬೇಕು, ಬಾರದಿದ್ದರೆ ನಮ್ಮ ಕೈಯಲ್ಲಿ ಏನಿದೆ? ಮೂರನೆಯದಕ್ಕೆ ಉತ್ತರ ಇಲ್ಲದಿದ್ದರೆ ಮೊದಲ ಎರಡರ ಉತ್ತರ ಎಷ್ಟು ಚೆನ್ನಾಗಿದ್ದರೂ ಪ್ರಯೋಜನವಿಲ್ಲ.